ತುಮಕೂರು ಸೀಮೆಯ ಮುಳ್ಳುಮೀಮಾಂಸೆ

ಪೀಠಿಕೆ

ಮುಳ್ಳಿಗೆ ಚುಚ್ಚುವುದೇ ಕಸುಬು ಎಂಬ ಅಪವಾದ ಲೋಕದಲ್ಲಿ ಬಹುಕಾಲದಿಂದ ಇದೆ. ಗುಬ್ಬಿ, ಕುಣಿಗಲ್, ತುಮಕೂರುಗಳ ಮುಳ್ಳುಗಳನ್ನು ಸಾಕ್ಷಿಗೆ ಕರೆದು ಈ ಅಪವಾದವನ್ನು ತೊಡೆಯುವುದೇ ಪ್ರಸ್ತುತ ಪ್ರಬಂಧದ ಘನೋದ್ದೇಶ. ನಮ್ಮ ಪ್ರತಿಜ್ಞೆ ಇಷ್ಟು: ಮುಳ್ಳು ಮೂಲತಃ ಸುದ್ದಿ ಹೇಳುವ ವಸ್ತು, ಕೇಳಿಸಿಕೊಳ್ಳದವರಿಗೆ ಮಾತ್ರ ಚುಚ್ಚುತ್ತದೆ.

ಪೂರ್ವಪಕ್ಷ

ಇಲ್ಲಿ ಸಸ್ಯಶಾಸ್ತ್ರಿಗಳು ಅಡ್ಡ ಬರುತ್ತಾರೆ. ಅವರ ಪ್ರಕಾರ ಪಾಪಸುಕಳ್ಳಿಯ ಮುಳ್ಳು ವೇಷ ಮರೆಸಿಕೊಂಡ ಎಲೆ, ನಿಂಬೆಯ ಮುಳ್ಳು ವೇಷ ಮರೆಸಿಕೊಂಡ ಕೊಂಬೆ; ಗುಲಾಬಿಯದಂತೂ ಮುಳ್ಳೇ ಅಲ್ಲ, ಬರೀ ಸಿಪ್ಪೆಯ ಚಾಚು. ಕುರಿ ಕಾಯುವವರ ವರ್ಗೀಕರಣ ಇದಕ್ಕಿಂತ ಸಂಕ್ಷಿಪ್ತ: ಎಕ್ಕಡ ದಾಟುವ ಮುಳ್ಳು, ಎಕ್ಕಡ ದಾಟದ ಮುಳ್ಳು. ಬಳ್ಳಾರಿ ಜಾಲಿಯನ್ನು ಅವರು ಯಾವ ಗೋಷ್ಠಿಯೂ ಇಲ್ಲದೆ ಮೊದಲ ವರ್ಗಕ್ಕೆ ಸೇರಿಸಿದ್ದಾರೆ. ಕಾಲಿನಿಂದ ಕಿತ್ತ ಮುಳ್ಳು ಎಲೆಯ ವಂಶದ್ದೋ ಕೊಂಬೆಯ ವಂಶದ್ದೋ ಎಂದು ವಿಚಾರಿಸಿದವರು ಇದುವರೆಗೆ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಪ್ರಥಮ ಪ್ರಮಾಣ: ಗುಬ್ಬಿ

ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ತಾಮ್ರಗೆಂಪು ತೊಳೆಯ ‘ಸಿದ್ದು’ ಹಲಸು ಅಲ್ಲಿಯದೇ. ಹಣ್ಣು ಸುಮಾರು 2.5 ಕೆ.ಜಿ. ಮಾತ್ರ ತೂಗುವುದರಿಂದ ಇಡೀ ಬೀದಿಗೆ ಹಂಚುವ ಔದಾರ್ಯದಿಂದ ಮನೆಯವರು ಪಾರಾಗಿದ್ದಾರೆ. ಇದನ್ನು ಬೆಳಕಿಗೆ ತಂದ ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವರು ತೊಳೆಯನ್ನು ಪರೀಕ್ಷಿಸಿದರು. ಮುಳ್ಳಿನ ಪರೀಕ್ಷೆಯನ್ನು ನಮಗೆ ಬಿಟ್ಟರು.

ಹಲಸಿನ ಒಂದೊಂದು ಮುಳ್ಳೂ ಒಂದೊಂದು ಹೂವಿನ ತುದಿ. ನೂರಾರು ಹೂಗಳು ಮೈಗೆ ಮೈ ಅಂಟಿಸಿಕೊಂಡು ಒಂದೇ ಹಣ್ಣಾಗುತ್ತವೆ. ಕಾಯಿ ಎಳೆಯದಿದ್ದಾಗ ಮುಳ್ಳು ಒತ್ತೊತ್ತಾಗಿ, ಚೂಪಾಗಿ ನಿಂತು ‘ಈಗಲೇ ಬೇಡ’ ಎನ್ನುತ್ತದೆ. ಬಲಿತಾಗ ಅಗಲವಾಗಿ, ಮೊಂಡಾಗಿ ‘ಇನ್ನು ಕೊಯ್ಯಬಹುದು’ ಎನ್ನುತ್ತದೆ. ಮುಳ್ಳು ಓದಲು ಬಾರದೆ ಮೂಗನ್ನೇ ನಂಬಿದವರಿಗಿಂತ ಮೊದಲು ಮಂಗ ಹಣ್ಣು ತಿಂದಿರುತ್ತದೆ.

ದ್ವಿತೀಯ ಪ್ರಮಾಣ: ಕುಣಿಗಲ್

ಕುಣಿಗಲ್ ಕೆರೆಯ ಚೆಲುವನ್ನು ಜನಪದರು ಹಾಡಿ ಮುಗಿಸಿದ್ದಾರೆ. ಕೆರೆಮೀನಿನ ಮುಳ್ಳು ಮಾತ್ರ ಹಾಡಿಗೆ ದಕ್ಕಿಲ್ಲ. ಏಕೆಂದರೆ ಅದು ಬಾಯಲ್ಲಿರುವಾಗ ಹಾಡಲು ಬರುವುದಿಲ್ಲ. ಕಾಟ್ಲಾ, ರೋಹುಗಳಿಗೆ ಬೆನ್ನುಮೂಳೆ ಸಾಲದೆಂದು ಮಾಂಸದೊಳಗೇ ಕವಲು ಕವಲಾದ ಸಣ್ಣ ಮುಳ್ಳುಗಳಿವೆ. ‘ಊಟದ ಹೊತ್ತಿಗೆ ಆಸ್ತಿ ಭಾಗದ ಮಾತೆತ್ತಬೇಡ’ ಎಂಬುದೇ ಅವುಗಳ ಸಂದೇಶ. ಕೇಳದ ಅಣ್ಣತಮ್ಮಂದಿರ ಗಂಟಲಿಗೆ ಸಿಕ್ಕಿದಾಗ ಅಜ್ಜಿಯರು ‘ಒಂದು ತುತ್ತು ಮುದ್ದೆ ನುಂಗು ಮಗಾ’ ಎನ್ನುತ್ತಾರೆ, ವೈದ್ಯರು ಬೇಡ ಎನ್ನುತ್ತಾರೆ. ಎರಡು ಪಂಥಗಳ ಈ ವಾದ ಮುಗಿಯುವ ತನಕ ಭಾಗದ ಮಾತು ಮುಂದಕ್ಕೆ ಹೋಗುತ್ತದೆ. ಮುಳ್ಳಿಗೆ ಬೇಕಾದದ್ದೂ ಅದೇ.

ತೃತೀಯ ಪ್ರಮಾಣ: ತುಮಕೂರು ನಗರ

ಗಡಿಯಾರಕ್ಕೂ ಮುಳ್ಳಿದೆ. 1978ರಲ್ಲಿ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಬಂದ ಮೇಲೆ ಬೇಲಿಗೆ ಮುಳ್ಳು ಹಚ್ಚುತ್ತಿದ್ದ ಸೀಮೆ ಕಾಲಕ್ಕೆ ಮುಳ್ಳು ಹಚ್ಚತೊಡಗಿತು. ಗಂಟೆಮುಳ್ಳು, ನಿಮಿಷದ ಮುಳ್ಳುಗಳು ದಿನಕ್ಕೆ 22 ಸಲ ಒಂದರ ಮೇಲೊಂದು ಹಾದರೂ ಚುಚ್ಚಿಕೊಂಡ ದಾಖಲೆ ಇಲ್ಲ. ಆದರೆ ಜನ ಮೊಬೈಲಿನಲ್ಲಿ ಹೊತ್ತು ನೋಡುವ ಕಾಲ ಬಂತು. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಮುಂದೆ ಆ ನೆಲ ಇಸ್ರೋ ಪಾಲಾಯಿತು. ಹೊತ್ತನ್ನು ಮುಂದಕ್ಕೆ ಎಣಿಸುತ್ತಿದ್ದ ಜಾಗಕ್ಕೆ ಹಿಂದಕ್ಕೆ ಎಣಿಸುವವರು ಬಂದರು.

ಸಿದ್ಧಾಂತ

ಕೊನೆಯ ಸಾಕ್ಷಿ ಹುಣಸೆಹಣ್ಣಿನ ಮಂಡಿಯ ತಕ್ಕಡಿಮುಳ್ಳು. ಅದು ಅತ್ತಿತ್ತ ತೂಗುವಾಗ ಮಾರುವವನೂ ಕೊಳ್ಳುವವನೂ ಒಂದೇ ಮುಳ್ಳನ್ನು ಎರಡು ಕಡೆಯಿಂದ ನೋಡಿ ಜಗಳವಾಡುತ್ತಿದ್ದರು. ‘ಮುಳ್ಳು ನಿಲ್ಲಲಿ ಕಣಣ್ಣ, ಕೈ ತೆಗಿ’ ಎಂಬ ಮಾತಿಗೆ ಶಾಸನದ ತೂಕವಿತ್ತು. ಈಗ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಕೆಂಪು ಅಂಕಿ ಒಮ್ಮೆಲೇ ಹೊಳೆಯುತ್ತದೆ. ಎದುರು ಮಾತಾಡಲು ಮುಳ್ಳೇ ಇಲ್ಲ. ಆದ್ದರಿಂದ ಸಿದ್ಧವಾಯಿತು: ಮುಳ್ಳಿದ್ದಲ್ಲಿ ವಾದಕ್ಕೆ ಅವಕಾಶ ಉಂಟು, ಮುಳ್ಳಿಲ್ಲದಲ್ಲಿ ಬಿಲ್ಲು ಮಾತ್ರ.

ಫಲಶ್ರುತಿ

ಈ ಪ್ರಬಂಧವನ್ನು ಶ್ರದ್ಧೆಯಿಂದ ಓದಿದವರಿಗೆ ಹದವಾದ ಹಲಸು ಸಿಗುವುದು, ಮೀನು ಗಂಟಲು ದಾಟುವುದು, ಕುಣಿಗಲ್ ಬಸ್ಸು ಹೊತ್ತಿಗೆ ಸರಿಯಾಗಿ ಬರುವುದು. ಕೊನೆಯದಕ್ಕೆ ಲೇಖಕ ಹೊಣೆಯಲ್ಲ.