ಮಣಿಕಟ್ಟು ಮೀಮಾಂಸೆ ಅಥವಾ ಉದರಹ್ರಾಸಕಾಮಿಗಳಿಗೆ ಬ್ಯಾಂಡ್ ನಿರ್ಣಯ

ಮಂಗಳಾಚರಣೆ

ಹೊಟ್ಟೆ ಕರಗಿಸುವ ಶಾಸ್ತ್ರವನ್ನೂ ಲಂಬೋದರನಿಗೆ ಕೈಮುಗಿದೇ ಆರಂಭಿಸಬೇಕೆಂಬುದು ಈ ನಾಡಿನ ಸಂಪ್ರದಾಯ. ಕಡುಬು ತಿಂದು ಬಿರಿದ ಹೊಟ್ಟೆಗೆ ಹಾವು ಬಿಗಿದುಕೊಂಡ ಆ ದೇವರೇ, ಮೈಮೇಲೆ ಧರಿಸುವ ಸಾಧನದಿಂದ ಹೊಟ್ಟೆಯನ್ನು ಹತೋಟಿಗೆ ತರಲು ಹೊರಟವರಲ್ಲಿ ಮೊದಲಿಗ. ಹಾವು ಇಂದಿಗೂ ಇದೆ, ಹೊಟ್ಟೆಯೂ ಇದೆ. ಇದರಿಂದ ಹೊರಡುವ ಅನುಮಾನವನ್ನು ಓದುಗ ಮಹಾಶಯರು ಗ್ರಂಥ ಮುಗಿಯುವವರೆಗೆ ತಡೆದಿಟ್ಟುಕೊಳ್ಳಬೇಕಾಗಿ ಪ್ರಾರ್ಥನೆ.

ಅನುಬಂಧ ಚತುಷ್ಟಯ

ಯಾವ ಶಾಸ್ತ್ರಕ್ಕಾದರೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಬೇಕು. ವಿಷಯ ಫಿಟ್‌ನೆಸ್ ಬ್ಯಾಂಡು. ಸಂಬಂಧವೆಂದರೆ ಬ್ಯಾಂಡಿಗೂ ತೂಕಕ್ಕೂ ಇದೆಯೆಂದು ಹೇಳಲಾಗುವ ಸಂಬಂಧ, ಅದು ವಿವಾದಗ್ರಸ್ತ. ಪ್ರಯೋಜನವನ್ನು ಕೊನೆಯಲ್ಲಿ ಹೇಳಲಾಗುವುದು, ಮೊದಲೇ ಹೇಳಿದರೆ ಯಾರೂ ಮುಂದೆ ಓದುವುದಿಲ್ಲ. ಉಳಿದದ್ದು ಅಧಿಕಾರಿ, ಅಂದರೆ ಈ ಶಾಸ್ತ್ರ ಓದಲು ಯೋಗ್ಯನಾದವನು ಯಾರು ಎಂಬ ಪ್ರಶ್ನೆ.

ತೂಕದ ಕಿಲೋಗ್ರಾಮನ್ನು ಎತ್ತರದ ಮೀಟರಿನ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಬಿಎಂಐ ಎಂದು ಹೆಸರು. ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ 19ನೇ ಶತಮಾನದಲ್ಲಿ ಈ ಸೂತ್ರ ಕೊಟ್ಟ. ಅವನಿಗೆ ಬೇಕಿದ್ದದ್ದು ಸರಾಸರಿ ಮನುಷ್ಯ. ಗಂಟುಬಿದ್ದದ್ದು ಇಡೀ ಜಗತ್ತಿನ ದೂರು. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಲೆಕ್ಕದಲ್ಲಿ 25ಕ್ಕೆ ಅಧಿಕ ತೂಕ, 30ಕ್ಕೆ ಬೊಜ್ಜು. ಭಾರತೀಯರಿಗಾಗಿ ತಜ್ಞರು 2009ರಲ್ಲಿ ಒಮ್ಮತದಿಂದ ಗೊತ್ತುಮಾಡಿದ ಗಡಿ 23 ಮತ್ತು 25; ನಮ್ಮ ಕೊಬ್ಬು ಹೊಟ್ಟೆಯ ಸುತ್ತಲೇ ಸಭೆ ಸೇರುತ್ತದೆಂಬುದು ಇದಕ್ಕೆ ಒಂದು ಕಾರಣ. ಹಾಗಾದರೆ 24ರಲ್ಲಿರುವ ಬಸವನಗುಡಿಯ ಗೃಹಸ್ಥರು ಲಂಡನ್ನಿನಲ್ಲಿ ವಿಮಾನದಿಂದ ಇಳಿದೊಡನೆ ಸಣ್ಣಗಾಗಿಬಿಡುವರಲ್ಲ ಎಂದು ಒಂದು ಪಂಥ ವಾದಿಸುತ್ತದೆ. ಗಡಿ ಹೋಗುವುದು ಮೈಯ ಜೊತೆ, ಪಾಸ್‌ಪೋರ್ಟಿನ ಜೊತೆಯಲ್ಲ ಎಂದು ಆ ಪಂಥವನ್ನು ಇಲ್ಲಿಯೇ ಖಂಡಿಸಲಾಗಿದೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮುಟ್ಟಿದರೂ ಅಧಿಕಾರ ಪ್ರಾಪ್ತಿ. ಇದನ್ನು ಅಳೆಯಲು ದರ್ಜಿಯ ಟೇಪು ಸಾಕು. ಅದಕ್ಕೆ ಚಾರ್ಜರ್ ಬೇಡ.

ಇತಿಹಾಸ ಪ್ರಕರಣ

ಈ ಶಾಸ್ತ್ರದ ಆದ್ಯ ಆಚಾರ್ಯ ಇಟಲಿಯ ಪಡುವಾದ ವೈದ್ಯ ಸಾಂಟೋರಿಯೊ. ಈತ ದೊಡ್ಡ ತಕ್ಕಡಿಗೆ ಕುರ್ಚಿ ತೂಗುಹಾಕಿ, ಅದರಲ್ಲಿ ಕೂತು, ದಶಕಗಳ ಕಾಲ ತಿಂದದ್ದನ್ನೂ ಕುಡಿದದ್ದನ್ನೂ ವಿಸರ್ಜಿಸಿದ್ದನ್ನೂ ತೂಗಿ, 1614ರಲ್ಲಿ ಗ್ರಂಥ ಪ್ರಕಟಿಸಿದ. ಒಳಹೋದದ್ದರಲ್ಲಿ ಹೆಚ್ಚಿನ ಪಾಲು ಕಣ್ಣಿಗೆ ಕಾಣದ ಬೆವರಾಗಿ ಹೋಗುತ್ತದೆಂಬುದು ಆತನ ಸಿದ್ಧಾಂತ. ಆದರೆ ನಮಗೆ ಮುಖ್ಯವಾದದ್ದು ಕುರ್ಚಿ. ಊಟ ಗೊತ್ತಾದ ಮಿತಿ ಮುಟ್ಟಿದೊಡನೆ ಅದು ತುಸು ಕೆಳಗಿಳಿದು ‘ಇನ್ನು ಏಳಪ್ಪ’ ಎಂದು ಸೂಚಿಸುತ್ತಿತ್ತು. ನಾಲ್ಕು ಶತಮಾನ ಕಳೆದಿವೆ. ಮೂರನೆಯ ಹೋಳಿಗೆ ಎಲೆಗೆ ಬೀಳುವಾಗ ಕುರ್ಚಿಯನ್ನು ಕೆಳಗಿಳಿಸುವ ಬ್ಯಾಂಡು ಇನ್ನೂ ಮಾರುಕಟ್ಟೆಗೆ ಬಂದಿಲ್ಲ.

ತಕ್ಕಡಿಯಲ್ಲಿ ಕೂರುವ ಪದ್ಧತಿ ನಮ್ಮಲ್ಲೂ ಉಂಟು. ಆದರೆ ತುಲಾಭಾರದಲ್ಲಿ ಭಕ್ತನ ತೂಕ ಹೆಚ್ಚಿದಷ್ಟೂ ಬೆಲ್ಲ ಹೆಚ್ಚು, ಬೆಲ್ಲ ಹೆಚ್ಚಿದಷ್ಟೂ ಪುಣ್ಯ ಹೆಚ್ಚು. ಇಟಲಿಯ ತಕ್ಕಡಿ ತಿನ್ನುವವನನ್ನು ಎಬ್ಬಿಸಿತು. ನಮ್ಮದು ಅವನಿಗೆ ಮಂಗಳಾರತಿ ಎತ್ತಿತು. ಎರಡು ನಾಗರಿಕತೆಗಳ ನಡುವಿನ ಈ ಭೇದವನ್ನು ಬಲ್ಲವರು ಮುಂದಿನ ಪ್ರಕರಣಗಳನ್ನು ಬಿಟ್ಟು ಓದಬಹುದು.

ಹೆಜ್ಜೆಯ ಯುಗ 1965ರಲ್ಲಿ ಆರಂಭ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಯಾಮಾಸಾ ಎಂಬ ಜಪಾನಿ ಗಡಿಯಾರ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕವನ್ನು ತಂದು, ಅದರ ಹೆಸರಿನಲ್ಲೇ ಹತ್ತು ಸಾವಿರವನ್ನು ಸೇರಿಸಿತು. ಆ ಸಂಖ್ಯೆ ಹುಟ್ಟಿದ್ದು ಮಾರಾಟದ ಜಾಣ್ಮೆಯಲ್ಲಿ, ಪ್ರಯೋಗಾಲಯದಲ್ಲಲ್ಲ. 2019ರಲ್ಲಿ ಹಾರ್ವರ್ಡಿನ ಐ-ಮಿನ್ ಲೀ ಮತ್ತು ಸಂಗಡಿಗರು 16,741 ಮಂದಿ ಹಿರಿಯ ಮಹಿಳೆಯರ ಹೆಜ್ಜೆ ಎಣಿಸಿದರು. ದಿನಕ್ಕೆ 4,400 ಹೆಜ್ಜೆ ಹಾಕುವವರಲ್ಲೇ ಸಾವಿನ ಪ್ರಮಾಣ ಅತಿ ಕಡಿಮೆ ನಡೆಯುವವರಿಗಿಂತ ಸಾಕಷ್ಟು ಕಡಿಮೆಯಿತ್ತು. ಸುಮಾರು 7,500ರ ಆಚೆ ಅದು ಇನ್ನಷ್ಟು ಇಳಿಯದೆ ನಿಂತಿತು. ಉಳಿದ 2,500 ಹೆಜ್ಜೆಗಳನ್ನು ಯಾಮಾಸಾ ಕಂಪನಿಗೆ ಸಲ್ಲುವ ದಕ್ಷಿಣೆ ಎಂದು ತಿಳಿಯತಕ್ಕದ್ದು.

ಅದೇ 1965ರಲ್ಲಿ ಬೆಂಗಳೂರಿನ ಶಂಕರಪುರದಲ್ಲಿ ಬ್ರಾಹ್ಮಿನ್ಸ್ ಕಾಫಿ ಬಾರ್ ಬಾಗಿಲು ತೆರೆಯಿತು. ಒಂದೇ ವರ್ಷದಲ್ಲಿ ಅತ್ತ ಹೆಜ್ಜೆ ಎಣಿಸುವ ಯಂತ್ರವೂ ಇತ್ತ ಚಟ್ನಿಯಲ್ಲಿ ಮುಳುಗಿದ ಇಡ್ಲಿ-ವಡೆಯೂ ಅವತರಿಸಿದ್ದನ್ನು ಕಾಕತಾಳೀಯ ಎನ್ನುವವರು ಸೃಷ್ಟಿಯ ಸಮತೋಲನವನ್ನು ಅರಿಯದವರು.

ಪ್ರಮಾಣ ಪ್ರಕರಣ

ನೈಯಾಯಿಕರು ಜ್ಞಾನಕ್ಕೆ ನಾಲ್ಕು ಪ್ರಮಾಣಗಳನ್ನು ಹೇಳುತ್ತಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಬ್ಯಾಂಡಿನಲ್ಲಿ ನಾಲ್ಕೂ ಇವೆ. ನಾಲ್ಕಕ್ಕೂ ಒಂದೇ ಬೆಲೆಯಿಲ್ಲ.

ಪ್ರತ್ಯಕ್ಷ. ಬ್ಯಾಂಡಿನೊಳಗೆ ಅಕ್ಸೆಲೆರೋಮೀಟರ್ ಎಂಬ ಪುಟ್ಟ ಚಿಪ್ ಮೂರು ದಿಕ್ಕಿನ ಅಲುಗಾಟವನ್ನು ಗ್ರಹಿಸುತ್ತದೆ. ಅದು ಕಂಡದ್ದು ಕೈಯ ಬೀಸು. ಕಾಲನ್ನು ಅದು ಜನ್ಮದಲ್ಲಿ ಕಂಡಿಲ್ಲ. ಹೀಗಾಗಿ ರೊಟ್ಟಿ ತಟ್ಟುವ ಕೈಗೆ ಕೂತಲ್ಲೇ ಹೆಜ್ಜೆಯ ಪುಣ್ಯ ಬರಬಹುದು. ಭಜನೆಯಲ್ಲಿ ತಾಳ ಹಾಕಿದವರಿಗೂ, ಗುಂಡಿಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದವರಿಗೂ ಅದರಲ್ಲಿ ಪಾಲುಂಟು. ಆದರೆ ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿಹಿಡಿದು ಮೂರು ಮಹಡಿ ಹತ್ತಿದವಳ ಕೈ ಬೀಸದ ಕಾರಣ, ಬ್ಯಾಂಡಿನ ಮಟ್ಟಿಗೆ ಆಕೆ ವಿಶ್ರಾಂತಿಯಲ್ಲಿದ್ದಾಳೆ. ಮನೆಗೆಲಸವನ್ನು ಕೆಲಸವೆಂದು ಎಣಿಸದಿರುವುದನ್ನು ಯಂತ್ರ ಮನುಷ್ಯರಿಂದ ಚೆನ್ನಾಗಿಯೇ ಕಲಿತಿದೆ.

ನಾಡಿಯೂ ಪ್ರತ್ಯಕ್ಷಕ್ಕೆ ಸೇರಿದ್ದು. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಮಿಡಿತಕ್ಕೊಮ್ಮೆ ರಕ್ತ ಉಕ್ಕಿದಾಗ ಚರ್ಮದಿಂದ ಮರಳುವ ಬೆಳಕು ತಗ್ಗುತ್ತದೆ. ಆ ಏರಿಳಿತವನ್ನು ಎಣಿಸಿದರೆ ನಾಡಿ. ಸಡಿಲ ಪಟ್ಟಿ, ಹಚ್ಚೆ, ಸಾಲುಬಳೆ ಇವು ಮೂರು ವಿಘ್ನಗಳು. 2019ರಲ್ಲಿ ಚೀನಾದಲ್ಲಿ ಟಾಯ್ಲೆಟ್ ಪೇಪರಿನ ಸುರುಳಿಗೆ ಕಟ್ಟಿದ ಬ್ಯಾಂಡು ನಾಡಿ ತೋರಿಸಿ ಸುದ್ದಿಯಾಯಿತು. ಜಡಕ್ಕೂ ಚೇತನಕ್ಕೂ ಭೇದವಿಲ್ಲವೆಂದು ಮೊದಲಿಂದ ಹೇಳುತ್ತಿದ್ದವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ.

ಅನುಮಾನ. ಕ್ಯಾಲೊರಿಯನ್ನು ಬ್ಯಾಂಡು ಅಳೆಯುವುದಿಲ್ಲ. ವಯಸ್ಸು, ಎತ್ತರ, ತೂಕ, ನಾಡಿ, ಅಲುಗಾಟಗಳನ್ನು ಕೂಡಿಸಿ ಊಹಿಸುತ್ತದೆ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆ ಎನ್ನುವುದು ತಾರ್ಕಿಕರ ಹಳೆಯ ಪಾಠ. ಬ್ಯಾಂಡು ಹೊಗೆ ಕಂಡು, ಆ ಬೆಂಕಿಯ ಮೇಲಿನ ಪಾತ್ರೆಯಲ್ಲಿ ಎಷ್ಟು ಅಕ್ಕಿ ಬೇಯುತ್ತಿದೆ ಎಂದೂ ಹೇಳುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಸಾಧನಗಳನ್ನು 60 ಮಂದಿಗೆ ಕಟ್ಟಿ ಪರೀಕ್ಷಿಸಿದರು. ಆರು ಸಾಧನಗಳಲ್ಲಿ ನಾಡಿಯ ತಪ್ಪು ಶೇ 5ರೊಳಗಿತ್ತು. ಕ್ಯಾಲೊರಿಯಲ್ಲಿ ಅತ್ಯುತ್ತಮ ಸಾಧನದ ಸರಾಸರಿ ತಪ್ಪು ಶೇ 27, ಅತಿ ಕಳಪೆಯದು ಶೇ 93. ಬ್ಯಾಂಡು 300 ಕ್ಯಾಲೊರಿ ಎಂದರೆ, ಅದು ಉತ್ತಮ ಕುಲದ್ದಾಗಿದ್ದರೂ 80ರ ಆಚೀಚೆ ಇರಬಹುದು. ಗ್ರಾಮಿಗೆ 9 ಕ್ಯಾಲೊರಿಯಂತೆ ಆ 80 ಅಂದರೆ ಒಂಬತ್ತು ಗ್ರಾಂ ತುಪ್ಪ. ದೋಸೆಯ ಮೇಲೆ ಬೆಣ್ಣೆ ಇಡುವ ಭಟ್ಟರ ಕೈ ಒಮ್ಮೆ ಉದಾರವಾದರೆ ಇಡೀ ವಿಜ್ಞಾನ ಅಲ್ಲೇ ಕರಗಿತು.

ಉಪಮಾನವೆಂದರೆ ನಮ್ಮ ಹೆಜ್ಜೆಗಳನ್ನು ಷಡ್ಡಕರ ಹೆಜ್ಜೆಗಳಿಗೆ ಹೋಲಿಸುವುದು. ಇದರಿಂದ ರಕ್ತದೊತ್ತಡದ ಜ್ಞಾನ ಮಾತ್ರ ಉಂಟಾಗುತ್ತದೆ. ಶಬ್ದಪ್ರಮಾಣವೆಂದರೆ ಆಪ್ತರ ಮಾತು. ಇಲ್ಲಿ ಡಬ್ಬಿಯ ಮೇಲೆ ಅಚ್ಚಾದ ಮಾತು. ಡಬ್ಬಿಯನ್ನು ಆಪ್ತರೆಂದು ಒಪ್ಪಲು ಯಾವ ದರ್ಶನವೂ ಮುಂದೆ ಬಂದಿಲ್ಲ.

ಪೂರ್ವಪಕ್ಷ ಮತ್ತು ಖಂಡನೆ

ಪೂರ್ವಪಕ್ಷಿ ಹೇಳುತ್ತಾನೆ: ‘ಸ್ವಾಮಿ, ಬ್ಯಾಂಡು ಕಟ್ಟಿದರೆ ತೂಕ ಇಳಿಯುವುದಿಲ್ಲ, ಇಳಿಯುವ ತೂಕವೂ ನಿಲ್ಲುತ್ತದೆ.’ ಅವನ ಕೈಯಲ್ಲಿ ಬಲವಾದ ಆಧಾರವಿದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಜಾನ್ ಜಾಕಿಸಿಕ್ ಮತ್ತು ಸಂಗಡಿಗರು 471 ಯುವಜನರನ್ನು ಎರಡು ವರ್ಷ ಹಿಂಬಾಲಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಥ್ಯ, ವ್ಯಾಯಾಮ, ಸಲಹೆ ಎರಡೂ ಗುಂಪಿಗೆ ಇತ್ತು. ಆರು ತಿಂಗಳ ಬಳಿಕ ಒಂದು ಗುಂಪಿಗೆ ಸಾಧನ ಕಟ್ಟಲಾಯಿತು. ಸಾಧನವಿಲ್ಲದವರು ಸರಾಸರಿ 5.9 ಕಿಲೋ ಇಳಿದರು, ಸಾಧನ ಕಟ್ಟಿದವರು 3.5 ಕಿಲೋ.

ಉತ್ತರಪಕ್ಷದ ಜಾಣರು ‘ಅದು ತೋಳಿಗೆ ಕಟ್ಟುವ ಸಾಧನ, ಮಣಿಕಟ್ಟಿನದಲ್ಲ’ ಎಂದು ನುಣುಚಿಕೊಳ್ಳುತ್ತಾರೆ. ನಾವು ಅಷ್ಟು ಕೆಳಗಿಳಿಯುವುದಿಲ್ಲ. ಎದುರು ಆಧಾರಗಳನ್ನೇ ಇಡುತ್ತೇವೆ. 2007ರಲ್ಲಿ 26 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆಜ್ಜೆಮಾಪಕ ಸಿಕ್ಕಿಸಿಕೊಂಡವರು ದಿನಕ್ಕೆ ಸುಮಾರು 2,500 ಹೆಜ್ಜೆ ಹೆಚ್ಚು ನಡೆದದ್ದು ಕಂಡಿತು. ಮುಂದೆ ಒಂದು ಗುರಿ ಇಟ್ಟುಕೊಂಡದ್ದೇ ಅದರ ಗುಟ್ಟು. 2022ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಮಹಾಸಮೀಕ್ಷೆಯ ಪ್ರಕಾರ ಬ್ಯಾಂಡಿನಿಂದ ದಿನಕ್ಕೆ ಸುಮಾರು 1,800 ಹೆಜ್ಜೆ ಹೆಚ್ಚಿತು, ತೂಕ ಸುಮಾರು 1 ಕಿಲೋ ಇಳಿಯಿತು. ಒಂದು ಕಿಲೋ! ಮದುವೆಯ ಸೀಸನ್ನಿನಲ್ಲಿ ಅದು ಒಂದು ವಾರದ ಆಯುಷ್ಯವುಳ್ಳದ್ದು.

ಹೀಗೆ ಎರಡೂ ಪಕ್ಷ ಸತ್ಯವೇ. ಬ್ಯಾಂಡು ನಡೆಸುತ್ತದೆ, ಹೆಚ್ಚೇನೂ ಇಳಿಸುವುದಿಲ್ಲ. ಎಪ್ಪತ್ತು ಕಿಲೋದ ಮನುಷ್ಯ ಹತ್ತು ಸಾವಿರ ಹೆಜ್ಜೆ ಹಾಕಿದರೆ ಖರ್ಚಾಗುವುದು ಮುನ್ನೂರು ಚಿಲ್ಲರೆ ಕ್ಯಾಲೊರಿ. ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವುದು ಸುಮಾರು 7,700. ಲಾಲ್‌ಬಾಗಿನಲ್ಲಿ ಮೂರು ಸುತ್ತು ಹಾಕಿ, ‘ಇವತ್ತು ಮುನ್ನೂರು ಕರಗಿಸಿದೀನಿ, ಒಂದು ಮಸಾಲೆ ಏನೂ ಮಾಡಲ್ಲ ಬಿಡಿ ಸಾರ್’ ಎಂದು ಹೊರಬಾಗಿಲಿನ ಬಳಿ ನಡೆಯುವ ಸಂವಾದದಲ್ಲೇ ಪಿಟ್ಸ್‌ಬರ್ಗಿನ ಒಗಟಿಗೆ ಉತ್ತರವಿದೆಯೆಂಬುದು ನಮ್ಮ ವಿನಮ್ರ ಅಭಿಪ್ರಾಯ.

ಹಸ್ತನಿರ್ಣಯ

ಈಗ ಈ ಗ್ರಂಥದ ಮೂಲ ಸಿದ್ಧಾಂತ. ಬ್ಯಾಂಡನ್ನು ಯಾವ ಕೈಗೆ ಕಟ್ಟಬೇಕು? ಹೆಚ್ಚು ಕೆಲಸ ಮಾಡದ ಕೈಗೆ, ಅಂದರೆ ಬಹುಪಾಲು ಜನರಿಗೆ ಎಡಗೈಗೆ ಎಂದು ತಯಾರಕರ ಮತ. ಬಲಗೈ ಅನಾವಶ್ಯಕವಾಗಿ ಅಲುಗಾಡಿ ಲೆಕ್ಕ ಕೆಡಿಸುತ್ತದೆಂಬುದು ಅವರ ಹೇತು. ಈ ಮತ ಚಮಚ-ಫೋರ್ಕಿನ ದೇಶಗಳಲ್ಲಿ ಸಾಧುವಿರಬಹುದು. ಕೈಯಲ್ಲಿ ಕಲಸಿ ಉಣ್ಣುವ ನಾಡಿನಲ್ಲಿ ಅಪರಾಧವೆಲ್ಲ ನಡೆಯುವುದು ಬಲಗೈಯಲ್ಲಿ. ಬಾಳೆಎಲೆಯ ಮುಂದೆ ಎಡಗೈ ತೊಡೆಯ ಮೇಲೆ ಮಡಿಯಾಗಿ ಕುಳಿತಿರುತ್ತದೆ. ಅದಕ್ಕೆ ಕಟ್ಟಿದ ಬ್ಯಾಂಡು ‘ಬಹಳ ಹೊತ್ತಿನಿಂದ ಕೂತಿದ್ದೀರಿ, ಸ್ವಲ್ಪ ಎದ್ದಾಡಿ’ ಎಂದು ಕಂಪಿಸುತ್ತದೆ. ಪಕ್ಕದಲ್ಲೇ ಬಲಗೈ ಎರಡನೆಯ ಸಲ ಪಾಯಸ ಬಳಿದು ಮುಗಿಸಿರುತ್ತದೆ. ಸಾಕ್ಷಿಯನ್ನು ಎಡಗೈಗೂ ಆರೋಪವನ್ನು ಬಲಗೈಗೂ ಕಟ್ಟಿದ ಮೊಕದ್ದಮೆ ಯಾವ ನ್ಯಾಯಾಲಯದಲ್ಲೂ ನಿಲ್ಲದು.

ಬಲಗೈಗೇ ಕಟ್ಟೋಣವೆಂದರೆ ಇನ್ನೂ ಅನರ್ಥ: ಮುದ್ದೆ ಮುರಿದದ್ದೂ ಅನ್ನ ಕಲಸಿದ್ದೂ ವ್ಯಾಯಾಮವೆಂದು ದಾಖಲಾಗುವ ಭಯ. ಆದ್ದರಿಂದ ನಿರ್ಣಯವಿದು: ಬ್ಯಾಂಡು ಎಡಗೈಗೇ ಇರಲಿ, ಬಲಗೈಗೆ ಪೆನ್ನು ಕೊಡಿ. ತಿಂದದ್ದನ್ನು ತಿಂದ ಕೈಯೇ ಬರೆಯಲಿ. ಬರೆಯುವ ಮೊದಲು ಕೈ ತೊಳೆಯಲು ಏಳಬೇಕಾಗುತ್ತದೆ. ಎದ್ದವನು ಮತ್ತೆ ಎಲೆಗೆ ಕೂರುವುದು ಶಾಸ್ತ್ರಸಮ್ಮತವಲ್ಲ. ಸಾಂಟೋರಿಯೊನ ಕುರ್ಚಿ ಮಾಡುತ್ತಿದ್ದದ್ದೂ ಇಷ್ಟೇ.

ವಿಧಿ ಮತ್ತು ನಿಷೇಧ

ಮೇಲಿನ ಸಿದ್ಧಾಂತ ಒಪ್ಪಿದವರಿಗೆ ಖರೀದಿ ಸುಲಭ. ಎಣಿಸುವುದು ಎಡಗೈಯ ಬೀಸನ್ನು ಎಂದಾದ ಮೇಲೆ, ಎರಡು ಸಾವಿರದ ಬ್ಯಾಂಡಿಗೂ ನಲವತ್ತು ಸಾವಿರದ ವಾಚಿಗೂ ತೂಕದ ವಿಷಯದಲ್ಲಿ ಇರುವ ಮುಖ್ಯ ವ್ಯತ್ಯಾಸವೆಂದರೆ ಜೇಬು ಹಗುರಾಗುವ ವೇಗ.

ಮೊದಲು ಬ್ಯಾಟರಿ ನೋಡತಕ್ಕದ್ದು. ವ್ರತಕ್ಕೆ ಕಟ್ಟಿದ ಕಂಕಣವನ್ನು ನಡುವೆ ಬಿಚ್ಚುವಂತಿಲ್ಲ. ದಿನವೂ ಬಿಚ್ಚಿ ಚಾರ್ಜಿಗೆ ಇಡಬೇಕಾದ ಬ್ಯಾಂಡು ಒಂದು ದಿನ ಚಾರ್ಜರಿನ ಬಳಿಯೇ ಸಮಾಧಿಸ್ಥವಾಗುತ್ತದೆ. ವಾರಕ್ಕಿಂತ ಹೆಚ್ಚು ಬಾಳುವುದು ಉತ್ತಮ. ಎರಡನೆಯದು ಪಟ್ಟಿ: ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ, ಜಾರದಂತೆ, ಗುರುತು ಬೀಳದಂತೆ ಕೂರಬೇಕು. ಬಳೆ ತೊಡುವವರು ಅಂಗಡಿಗೆ ಬಳೆ ತೊಟ್ಟೇ ಹೋಗಿ ಕಟ್ಟಿ ನೋಡತಕ್ಕದ್ದು. ಮೂರನೆಯದು ಗುರಿ: ಹತ್ತು ಸಾವಿರವನ್ನು ಬದಲಿಸಿ ಆರು ಸಾವಿರದಿಂದ ಆರಂಭಿಸಲು ಬಿಡುವಂತಿರಲಿ, ವಾರದ ಸರಾಸರಿ ತೋರಿಸುವಂತಿರಲಿ, ಒಂದು ಏಕಾದಶಿಯಿಂದಾಗಲಿ ಒಂದು ಬೀಗರ ಔತಣದಿಂದಾಗಲಿ ಏನನ್ನೂ ನಿರ್ಣಯಿಸಬಾರದು. ನಾಲ್ಕನೆಯದು ಆ್ಯಪು: ಅದರ ಆಹಾರ ಪಟ್ಟಿಯಲ್ಲಿ ಮುದ್ದೆ, ಬಸ್ಸಾರು, ಚಿತ್ರಾನ್ನ, ನೀರುದೋಸೆ ಇವೆಯೇ ನೋಡಿ. ಓಟ್ಸು ಮತ್ತು ಕೀನ್ವಾ ಮಾತ್ರ ಇದ್ದರೆ ಅದು ಬೇರೆಯವರ ಹೊಟ್ಟೆಗೆ ಬರೆದ ಶಾಸ್ತ್ರ. ಜಿಪಿಎಸ್ ಓಟಗಾರರಿಗೆ, ನಡೆಯುವವರ ಜೇಬಿನ ಫೋನಿನಲ್ಲಿ ಅದು ಇದ್ದೇ ಇದೆ. ‘5 ಎಟಿಎಂ’ ಎಂದು ಬರೆದಿದ್ದರೆ ಈಜಬಹುದು. ಅದು ಹಣ ತೆಗೆಯುವ ಯಂತ್ರಗಳ ಸಂಖ್ಯೆಯಲ್ಲ, ನೀರಿನ ಒತ್ತಡದ ಅಳತೆ.

ನಿಷೇಧಗಳು ಎರಡೇ. ಒಂದು, ಬ್ಯಾಂಡು ‘ಕರಗಿತು’ ಎಂದ ಕ್ಯಾಲೊರಿಯನ್ನು ತಿಂದು ತುಂಬಿಸಕೂಡದು. ಎರಡು, ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಹಾಸಿಗೆಯ ಮೇಲೆ ಕೂತು ಉಳಿದ ಹೆಜ್ಜೆಗಳಿಗಾಗಿ ಕೈ ಕುಲುಕಕೂಡದು. ಬ್ಯಾಂಡನ್ನು ನಾಯಿಯ ಕೊರಳಿಗೆ ಕಟ್ಟಿ ಕಳಿಸುವುದರ ಬಗ್ಗೆ ಸ್ಮೃತಿಗಳು ಮೌನವಾಗಿವೆ. ಆದರೆ ತೂಕ ಇಳಿಯುವುದು ನಾಯಿಯದು.

ಫಲಶ್ರುತಿ

ಈ ಪ್ರಬಂಧವನ್ನು ಕೂತು ಓದಿದವರಿಗೆ ಜ್ಞಾನ ಮಾತ್ರ ಲಭಿಸುವುದು. ಮಲಗಿ ಓದಿದವರಿಗೆ ನಿದ್ರೆ. ಅಂಗಳದಲ್ಲೋ ತಾರಸಿಯಲ್ಲೋ ಅಡ್ಡಾಡುತ್ತಾ, ಗಟ್ಟಿಯಾಗಿ, ಬಿರುಸಾಗಿ ಓದಿದವರಿಗೆ ನಿಮಿಷಕ್ಕೆ ನೂರು ಹೆಜ್ಜೆಯಂತೆ ಇಷ್ಟು ಹೊತ್ತಿಗೆ ಸಾವಿರ ಹೆಜ್ಜೆ ಸಂದಿವೆ. ದಿನಕ್ಕೆ ಏಳು ಸಲ ಪಾರಾಯಣ ಮಾಡಿದರೆ ಬ್ಯಾಂಡನ್ನು ಕೊಳ್ಳುವ ಅಗತ್ಯವೇ ಬೀಳದು. ಕೋಡುಬಳೆ ಮೆಲ್ಲುತ್ತಾ ಓದಿದವರಿಗೆ ಯಾವ ಫಲವೂ ಇಲ್ಲ. ಅವರು ಬಲಗೈ ತೊಳೆದುಕೊಂಡು, ಎಷ್ಟು ತಿಂದರೆಂದು ಬರೆದಿಟ್ಟು, ಮೊದಲಿನಿಂದ ಮತ್ತೆ ಓದತಕ್ಕದ್ದು.