ಮತ್ತೆ ಬತ್ತೈತೆ ಮಾವ

ಫ್ಯಾಷನ್ ಹಿಂದೆ ಓಡುವವರು ಎಲ್ಲ ಊರಲ್ಲೂ ಇದ್ದಾರೆ. ಅವರಿಂದ ಅಂಥ ತೊಂದರೆಯೇನಿಲ್ಲ. ಓಡಿ ಮುಂದೆ ಹೋಗಿರುತ್ತಾರೆ, ನಮ್ಮ ಕೈಗೆ ಸಿಗುವುದಿಲ್ಲ. ತೊಂದರೆ ಇರುವುದು ಓಡದೆ ಕಾಯುವವರಿಂದ. ಗುಬ್ಬಿ ಬಸ್ಸು ತಪ್ಪಿದರೆ ಇನ್ನೊಂದು ಬಂದೇ ಬರುತ್ತದೆಂದು ಸ್ಟ್ಯಾಂಡಿನಲ್ಲಿ ಕಾಲು ಚಾಚಿ ಕೂತವರ ಹಾಗೆ, ಇವರು ಹೋದ ಫ್ಯಾಷನ್ ತಿರುಗಿ ಬರಲಿ ಎಂದು ಟ್ರಂಕಿಗೆ ನುಸಿಗುಳಿಗೆ ಹಾಕಿಕೊಂಡು ಕೂತಿರುತ್ತಾರೆ. ಅದು ಬರುತ್ತದೆ ಕೂಡ. ಕಷ್ಟ ಶುರುವಾಗುವುದೇ ಅಲ್ಲಿಂದ.

ಈ ಪಂಗಡದವರು ನಿಮ್ಮ ನೆಂಟರಲ್ಲೂ ಒಬ್ಬರಿರುತ್ತಾರೆ. ನನ್ನ ಪಾಲಿಗೆ ಬಂದವರು ಸಿ.ಎಸ್. ಪುರದ ನಮ್ಮ ಸೋದರಮಾವ. ಚಂದ್ರಶೇಖರಪುರ ಎಂದು ಪೂರ್ತಿ ಹೆಸರು ಹೇಳಿದರೆ ಅಲ್ಲಿನವರೇ ‘ಯಾವೂರು?’ ಎಂದು ಕೇಳುವ ಈ ಊರು ಸರ್ಕಾರಿ ಕಾಗದದಲ್ಲಿ ಗುಬ್ಬಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಮಾವನ ಲೆಕ್ಕದಲ್ಲಿ ಮಾತ್ರ ಪ್ಯಾರಿಸ್, ಮಿಲಾನ್ ಎಲ್ಲ ಆಮೇಲೆ. ‘ಅವ್ರು ಈಗ ಹಾಕ್ತಾವ್ರೆ. ನಾವು ಹಾಕಿ ಬಿಟ್ಟಿದ್ವು ಕಣ್ಲಾ.’ ಮಾವನ ಬಾಯಿಂದ ಈ ಮಾತು ಬಾರದೆ ನಮ್ಮ ಮನೆಯಲ್ಲಿ ಒಂದು ಯುಗಾದಿಯೂ ಕಳೆದಿಲ್ಲ.

ವಯಸ್ಸು ಎಪ್ಪತ್ತರ ಹತ್ತಿರ. ಅಡಿಕೆ, ತೆಂಗು, ಸ್ವಲ್ಪ ರಾಗಿ. ಮೈಮೇಲೆ ಯಾವಾಗಲೂ ಬಿಳಿ ಪಂಚೆ, ಬಿಳಿ ಷರ್ಟು. ಪ್ಯಾಂಟು ತೊಟ್ಟಿದ್ದನ್ನು ನಾನಂತೂ ಕಂಡಿಲ್ಲ. ಆದರೆ ನಡುಮನೆಯ ಮೂಲೆಯ ಕಬ್ಬಿಣದ ಟ್ರಂಕಿನಲ್ಲಿ ಅರ್ಧ ಶತಮಾನದ ಪ್ಯಾಂಟುಗಳು ಮಡಿಸಿ ಮಲಗಿವೆ. 1976ರಲ್ಲಿ ತುಮಕೂರಿನಲ್ಲಿ ಪಿಯುಸಿ ಓದುವಾಗ ಹೊಲಿಸಿದ ಟೆರಿಕಾಟ್ ಬೆಲ್‌ಬಾಟಂ, ನಾಯಿಕಿವಿ ಕಾಲರಿನ ಷರ್ಟು, ಮದುವೆಯ ಸಫಾರಿ, ಆಮೇಲಿನ ಬ್ಯಾಗಿ. ಜೊತೆಗೆ ಅವರವ್ವನ ಬುಗ್ಗೆ ತೋಳಿನ ಎರಡು ರವಿಕೆ. ಪಂಚೆ ಮಾತ್ರ ಟ್ರಂಕಿನೊಳಗೆ ಹೋಗಿಲ್ಲ; ಅದು ಯಾವತ್ತೂ ಹೋಗಿದ್ದೇ ಇಲ್ಲವಾದ್ದರಿಂದ ತಿರುಗಿ ಬರುವ ಪ್ರಶ್ನೆಯೇ ಇಲ್ಲ ಎಂಬುದು ಮಾವನ ವಿವರಣೆ.

ಫ್ಯಾಷನ್ ಯಾಕೆ ಮರಳುತ್ತದೆ ಎಂದು ಪಂಡಿತರು ಬೇಕಾದಷ್ಟು ಬರೆದಿದ್ದಾರೆ. ಯುದ್ಧಕಾಲದಿಂದ ಯೂರೋಪಿನವರು ಬಟ್ಟೆಗೂ ರೇಷನ್ ಕಾರ್ಡ್ ಹಿಡಿದು ಸಾಕಾಗಿದ್ದಾಗ, 1947ರಲ್ಲಿ ಕ್ರಿಶ್ಚಿಯನ್ ಡಿಯೋರ್ ಗಜಗಟ್ಟಲೆ ಬಟ್ಟೆ ಸುರಿದು ಅಜ್ಜಿಯರ ಕಾಲದ ಘೇರು ಲಂಗವನ್ನು ಮತ್ತೆ ಹೊರಗೆ ತಂದ, ಅದನ್ನೇ ‘ಹೊಸ ನೋಟ’ ಅಂದರು. ಚಿಕ್ಕವರಾಗಿದ್ದಾಗ ಕಂಡು ಆಸೆಪಟ್ಟಿದ್ದನ್ನು ದೊಡ್ಡವರಾಗಿ ಡಿಸೈನರ್ ಆದ ಮೇಲೆ ಹೊಲಿಯುತ್ತಾರೆ, ಅದಕ್ಕೇ ಇಪ್ಪತ್ತು ವರ್ಷಕ್ಕೊಂದು ಸುತ್ತು ಎನ್ನುವವರೂ ಇದ್ದಾರೆ. ಮಾವನ ಸಿದ್ಧಾಂತಕ್ಕೆ ಇಷ್ಟು ಉದ್ದ ಬೇಕಿಲ್ಲ: ‘ಮನುಷ್ಯಂಗೆ ಕಾಲೆರಡು. ಪ್ಯಾಂಟನ್ನ ಅಗಲ ಮಾಡ್ಬೋದು, ಇಲ್ಲ ಬಿಗಿ ಮಾಡ್ಬೋದು. ಮೂರನೇದು ಏನೈತೆ ಹೇಳು?’ ನನಗೆ ಇವತ್ತಿನವರೆಗೂ ಹೇಳಲಾಗಿಲ್ಲ.

ಸಿದ್ಧಾಂತ ಟ್ರಂಕಿನಲ್ಲೇ ಇದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಮಾವನಿಗೆ ಅದನ್ನು ನಮ್ಮ ಕಾಲಿನ ಮೇಲೆ ರುಜುವಾತು ಮಾಡುವ ಚಟ. ಎದುರು ಸಿಕ್ಕವನ ಮುಖ ನೋಡುವ ಮೊದಲು ಪ್ಯಾಂಟಿನ ತುದಿ ನೋಡುತ್ತಾರೆ. ‘ಚೆನ್ನಾಗಿದೀಯಾ’ ಎನ್ನುವ ಜಾಗದಲ್ಲಿ ‘ಬಾಟಮ್ ಎಷ್ಟಿಂಚು?’ ಎಂದು ಕೇಳುತ್ತಾರೆ. ಪ್ಯಾಂಟು ಹೊಲಿಸಿಕೊಳ್ಳುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಗೆ ಎಲ್ಲರ ಹತ್ತಿರವೂ ಉತ್ತರವಿತ್ತು. ರೆಡಿಮೇಡ್ ಹಾಕುವ ನಮಗೆ ಸೊಂಟದ ಅಳತೆ ಬಿಟ್ಟರೆ ನಮ್ಮ ಬಗ್ಗೆ ಬೇರೇನೂ ಗೊತ್ತಿಲ್ಲ.

ಗುಬ್ಬಿಯ ಕಲ್ಯಾಣ ಮಂಟಪವೊಂದರಲ್ಲಿ ನೆಂಟರ ಮದುವೆ. ಬೆಂಗಳೂರಿನ ಮಾಲಿನಲ್ಲಿ ಮನೆಯವರು ಹಟ ಹಿಡಿದು ಕೊಡಿಸಿದ ‘ರಿಲ್ಯಾಕ್ಸ್ಡ್ ಫಿಟ್’ ಪ್ಯಾಂಟು ನನ್ನ ಮೈಮೇಲೆ. ಪ್ಯಾಂಟು ರಿಲ್ಯಾಕ್ಸ್ ಆಗಿತ್ತೇ ಹೊರತು ಅದರ ಬೆಲೆ ಕೇಳಿದ ಮೇಲೆ ನಾನು ಆಗಿರಲಿಲ್ಲ. ಧಾರೆ ಮುಗಿದು ಜನ ಅಕ್ಷತೆ ಹಾಕಲು ಸಾಲುಗಟ್ಟಿದ್ದರು. ಮಾವ ಪಕ್ಕದ ಸಾಲಿನಿಂದ ನನ್ನನ್ನು ಕಂಡರು. ಅಂದರೆ ಪ್ಯಾಂಟಿನ ತುದಿ ಕಂಡರು.

‘ಏನ್ಲಾ ಅಳಿಯ, ಬಾಟಮ್ ಎಷ್ಟಿಂಚು?’

‘ಗೊತ್ತಿಲ್ಲ ಮಾವ. ಆಮೇಲೆ ನೋಡಾನ.’

ಆಮೇಲೆ ಎಂಬುದು ಮಾವನ ಪಂಚಾಂಗದಲ್ಲಿ ಇಲ್ಲ. ಪಂಚೆ ಎತ್ತಿ ಕಟ್ಟಿ, ಅಲ್ಲೇ ನೆಲಕ್ಕೆ ಮಂಡಿಯೂರಿ, ಎರಡೂ ಕೈಯಲ್ಲಿ ನನ್ನ ಬಲಗಾಲಿನ ತುದಿ ಹಿಡಿದು ಗೇಣು ಹಾಕತೊಡಗಿದರು. ಮಂಟಪಕ್ಕೆಲ್ಲ ಕಂಡದ್ದು ಬೇರೆಯೇ ದೃಶ್ಯ: ನರೆಗೂದಲಿನ ಯಜಮಾನರೊಬ್ಬರು ಪ್ಯಾಂಟು ತೊಟ್ಟವನೊಬ್ಬನ ಪಾದಕ್ಕೆ ಬಿದ್ದಿದ್ದಾರೆ. ಹೆಣ್ಣಿನ ಕಡೆಯ ಅಜ್ಜಿಯೊಬ್ಬರು ಸೆರಗು ಹೊದ್ದುಕೊಂಡು, ‘ಯಾವ ಮಠದೋರವ್ವ?’ ಎಂದು ಪಕ್ಕದವರನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು. ಪಕ್ಕದವರಿಗೂ ಗೊತ್ತಿರಲಿಲ್ಲ, ಆದರೆ ಪುಣ್ಯ ತಪ್ಪಿಸಿಕೊಳ್ಳುವುದು ಯಾಕೆಂದು ಅವರೂ ಸೆರಗು ಹೊದ್ದು ಮಾವನ ಹಿಂದೆ ನಿಂತರು. ನೋಡನೋಡುತ್ತಿದ್ದಂತೆ ನನ್ನ ಮುಂದೊಂದು ಸಣ್ಣ ಸಾಲಾಯಿತು. ವಿಡಿಯೋದವನು ದೀಪ ಇತ್ತ ತಿರುಗಿಸಿದ. ‘ಏಳಿ ಮಾವ, ಏಳಿ’ ಎಂದು ನಾನು ಅವರ ಭುಜ ಹಿಡಿದು ಎತ್ತಲು ಹೋದದ್ದು ಆಶೀರ್ವಾದದ ಹಾಗೆಯೇ ಕಂಡಿತು. ಮಾವ ಕೆಳಗಿಂದ ಘೋಷಿಸಿದರು: ‘ಒಂದು ಗೇಣು ಮೂರು ಬೆರಳು. ಸುತ್ತಳತೆ ಇಪ್ಪತ್ತೆರಡು. ನಂದು ಇಪ್ಪತ್ತಾರಿತ್ತು!’

ಆ ಫೋಟೊ ಮದುವೆಯ ಆಲ್ಬಂನಲ್ಲಿದೆ. ಧಾರೆಯ ಚಿತ್ರದ ಮುಂದಿನ ಪುಟದಲ್ಲೇ ಇದೆ.

ಮಾವನ ಬಾಯಿ ಮುಚ್ಚಿಸಲು ನಾನು ಪುಸ್ತಕದ ಸಹಾಯ ಪಡೆದೆ. ಜೇಮ್ಸ್ ಲೇವರ್ ಎಂಬ ಇಂಗ್ಲೆಂಡಿನ ವೇಷಭೂಷಣದ ಇತಿಹಾಸಕಾರ 1937ರಲ್ಲಿ ಒಂದು ಪಟ್ಟಿ ಮಾಡಿದ್ದಾನೆ. ಚಾಲ್ತಿ ಮುಗಿದ ಬಟ್ಟೆ ಒಂದು ವರ್ಷಕ್ಕೆ ಮಂಕಾಗಿ ಕಾಣುತ್ತದೆ, ಹತ್ತು ವರ್ಷಕ್ಕೆ ವಿಕಾರ, ಇಪ್ಪತ್ತಕ್ಕೆ ನಗೆಪಾಟಲು, ಮೂವತ್ತಕ್ಕೆ ತಮಾಷೆ, ಐವತ್ತಕ್ಕೆ ಅಪರೂಪದ್ದು, ಎಪ್ಪತ್ತಕ್ಕೆ ಚೆಂದ, ನೂರಕ್ಕೆ ರಮ್ಯ, ನೂರೈವತ್ತಕ್ಕೆ ಸುಂದರ. ‘ವಿಕಾರ’, ‘ನಗೆಪಾಟಲು’ ಎರಡನ್ನೂ ನಾನು ಸ್ವಲ್ಪ ಗಟ್ಟಿಯಾಗಿಯೇ ಓದಿದೆ. ಮಾವ ಬೆರಳು ಮಡಿಚಿ ಲೆಕ್ಕ ಹಾಕಿ, ‘ಎಪ್ಪತ್ತಾರಕ್ಕೆ ಐವತ್ತು ಸೇರ್ಸು. ನಮ್ದು ಅಪರೂಪಕ್ಕೆ ಬಂದೈತೆ’ ಎಂದು ಮೀಸೆ ತೀಡಿದರು. ಅಡುಗೆಮನೆಯಿಂದ ಅತ್ತೆಯ ದನಿ ಬಂತು: ‘ಸುಂದರ ಆಗೋಕೆ ಇನ್ನೂ ನೂರು ವರ್ಷ ಐತಂತೆ. ಅಲ್ಲಿಗಂಟ ಟ್ರಂಕಿನ ಧೂಳು ಯಾರು ಒರೆಸೋರು, ಆ ಲೇವರಾ?’

ಅತ್ತೆಯದು ಬೇರೆ ಪಕ್ಷ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಬೀದಿಯಲ್ಲಿ ಕೂಗಿದಳೆಂದರೆ ಮಾವ ತೋಟದಲ್ಲಿದ್ದರೂ ಓಡಿಬಂದು ಟ್ರಂಕಿನ ಮೇಲೆ ಕೂರುತ್ತಾರೆ. ಒಮ್ಮೆ ಗುಬ್ಬಿಗೆ ಹೋಗಿದ್ದಾಗ ಒಂದು ಸಫಾರಿ ಪ್ಯಾಂಟು ಬೋಗುಣಿಯಾಗಿ ಬದಲಾಗಿಬಿಟ್ಟಿತು. ಅಂದಿನಿಂದ ಆ ಬೋಗುಣಿಯಲ್ಲಿ ಸಾರು ಬಂದರೆ ಮಾವ ‘ಸಫಾರಿ ಇತ್ಲಾಗೆ ಕೊಡು’ ಎನ್ನುತ್ತಾರೆ.

ಉಳಿದ ಗುಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆಲ್‌ಬಾಟಂಗೆ ಆಧಾರ ಕೇಳಿದರೆ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ರಾಜಕುಮಾರ್, ವಾಪಸು ಬಂದದ್ದಕ್ಕೆ ಆಧಾರ ಕೇಳಿದರೆ 2019ರ ‘ಬೆಲ್ ಬಾಟಂ’ನಲ್ಲಿ ರಿಷಬ್ ಶೆಟ್ಟಿ. ಅದು ಎಂಬತ್ತರ ದಶಕದ ಕಥೆ, ಅದಕ್ಕೇ ಹಾಕಿದ್ದು ಎಂದರೆ ಕೇಳುವುದಿಲ್ಲ. ಮಣಿಕಟ್ಟಿನಲ್ಲಿ ಕೀಲಿ ಕೊಡುವ ಎಚ್‌ಎಂಟಿ. ತುಮಕೂರಿನಲ್ಲೇ ಆ ಕಂಪನಿಯ ಕಾರ್ಖಾನೆ ಇತ್ತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿಯನ್ನೇ ಮುಚ್ಚಲು ತೀರ್ಮಾನಿಸಿದಾಗ ಮಾವ ಕೀಲಿ ಕೊಡುವುದನ್ನು ನಿಲ್ಲಿಸಲಿಲ್ಲ. ಈಗ ಬೆಂಗಳೂರಿನ ಹುಡುಗರು ಅದೇ ಹಳೇ ‘ಜನತಾ’, ‘ಪೈಲಟ್’ ಹುಡುಕಿಕೊಂಡು ತಿರುಗುತ್ತಾರೆಂದು ತಿಳಿದ ಮೇಲೆ ಟೈಮ್ ಕೇಳದಿದ್ದರೂ ಹೇಳುತ್ತಾರೆ. ಊರಿನಲ್ಲಿ ‘ಕುರುಕ್ಷೇತ್ರ’ ನಾಟಕ ಆಡಿದಾಗ ಬಾಡಿಗೆ ಡ್ರೆಸ್ಸಿನ ಪೆಟ್ಟಿಗೆ ಇಳಿಯುವ ಜಾಗದಲ್ಲಿ ಮಾವ ಇರಲೇಬೇಕು. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ತಾಲ್ಲೂಕಿನವರಿಗೆ ವೇಷದ ಬಗ್ಗೆ ಹೊರಗಿನವರು ಹೇಳಿಕೊಡಬೇಕಾದ್ದಿಲ್ಲ ಎಂಬ ಹಮ್ಮು. ‘ದುರ್ಯೋಧನನ ಕೋಟು ನೋಡು, ಯಾವತ್ತಾದ್ರೂ ಔಟಾಯ್ತಾ?’

2025ರ ಜೂನ್‌ನಲ್ಲಿ ಮಾವನಿಗೆ ಜಾಗತಿಕ ಮಟ್ಟದ ಸಾಕ್ಷ್ಯ ಸಿಕ್ಕಿತು. ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಷೋದಲ್ಲಿ ಗಂಡಸರ ಕಾಲಿಗೆ ತೊಡಿಸಿದ್ದು ಥೇಟ್ ಕೊಲ್ಹಾಪುರಿ ಚಪ್ಪಲಿ. ಮೊದಲಿಗೆ ಎಲ್ಲಿಯದು, ಯಾರದು ಎಂಬ ಒಂದು ಮಾತೂ ಇಲ್ಲ. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಇವೆ. ಅಥಣಿಯಲ್ಲಿ ಅದನ್ನು ಮಾಡುವ ಮನೆತನಗಳಿವೆ. ಗಲಾಟೆಯಾದ ಮೇಲೆ ಕಂಪನಿ ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಚರ್ಮೋದ್ಯೋಗ ನಿಗಮ ಮತ್ತು ನಮ್ಮ ಲಿಡ್‌ಕರ್ ಜೊತೆ ಒಪ್ಪಂದವನ್ನೂ ಮಾಡಿಕೊಂಡಿತು.

ಮಾವ ಸಂಭ್ರಮಿಸುತ್ತಾರೆ ಅಂದುಕೊಂಡಿದ್ದೆ. ಪೇಪರು ಮಡಿಚಿಟ್ಟು, ‘ಹಾಕ್ಕೊಳ್ಳಿ, ಯಾರು ಬ್ಯಾಡ ಅಂದ್ರು? ಇಂಥೋರದು ಅಂತ ಒಂದು ಮಾತು ಹೇಳಿ ಹಾಕ್ಕೋಬೇಕು. ಮಾತಿಗೂ ದುಡ್ಡು ಕೊಡ್ಬೇಕಾ?’ ಎಂದರು. ದೊಡ್ಡ ದೊಡ್ಡ ಹೆಸರಿನ ಫ್ಯಾಷನ್ನಿಗೆ ನೆನಪಿನ ಶಕ್ತಿ ಬಹಳ ಇದೆ, ಕೃತಜ್ಞತೆಗೆ ಮಾತ್ರ ಲಾಯರ್ ನೋಟಿಸು ಬೇಕು ಎಂದು ನಾನು ಹತ್ತು ಪುಟದಲ್ಲಿ ಬರೆಯಬಹುದಾಗಿದ್ದನ್ನು ಅವರು ಎಲೆ ಅಡಿಕೆ ಜೊತೆಗೆ ಉಗುಳಿಬಿಟ್ಟರು.

ಈ ನೀತಿ ಸ್ವಂತ ಮನೆಯಲ್ಲೇ ಪರೀಕ್ಷೆಗೆ ಬಂತು. ತುಮಕೂರಿನಲ್ಲಿ ಕಾಲೇಜು ಓದುವ ಮೊಮ್ಮಗಳಿಗೆ ‘ರೆಟ್ರೋ ಡೇ’. ಟ್ರಂಕು ತೆರೆಯಿತು. ಅವಳು ಬೆಲ್‌ಬಾಟಂ ಎತ್ತಿ ಹಿಡಿದು ‘ತಾತಾ, ಇದು ಸಖತ್ತಾಗಿದೆ’ ಎಂದಾಗ ಮಾವನ ಮುಖ ನೀವು ನೋಡಬೇಕಿತ್ತು. ಆದರೆ 1976ರ ಮಾವ ಗಳುವಿನಂತಿದ್ದವರು. ಸೊಂಟದಲ್ಲಿ ಒಂದೂವರೆ ಇಂಚು ಸಾಲದಾಯಿತು. ಊರಿನ ಟೈಲರ್ ಹತ್ತಿರ ಹೋದೆವು. ಈಗ ಅವನಿಗೆ ಹೊಸ ಪ್ಯಾಂಟು ಹೊಲಿಯುವ ಕೆಲಸ ಅಪರೂಪ, ಆನ್‌ಲೈನಿನಲ್ಲಿ ಬಂದದ್ದರ ಉದ್ದ ಕತ್ತರಿಸುವುದೇ ಹೆಚ್ಚು. ಪ್ಯಾಂಟನ್ನು ಒಳಮಗ್ಗುಲು ತಿರುಗಿಸಿ, ಹಿಂದಿನ ಹೊಲಿಗೆ ಬಿಚ್ಚಿ, ‘ನೋಡಿ ಯಜಮಾನ್ರೆ’ ಎಂದ. ಒಳಗೆ ಎರಡೂ ಕಡೆ ಬೆರಳಗಲದ ಬಟ್ಟೆ ಮಡಿಸಿ ಬಿಟ್ಟಿತ್ತು. ಬಿಸಿಲು ಕಾಣದ ಆ ಪಟ್ಟಿಯಲ್ಲಿ ಮೂಲ ಬಣ್ಣ ಹಾಗೇ ಇತ್ತು, ಸೀಮೆಸುಣ್ಣದ ಗೀಟು ಕೂಡ ಅಳಿಸಿರಲಿಲ್ಲ. ‘ಬೆಳೆಯೋ ಹುಡ್ಗ, ಒಳಗೆ ಸ್ವಲ್ಪ ಬಿಟ್ಟು ಹೊಲಿಯಪ್ಪ ಅಂತ ನಮ್ಮಪ್ಪ ಹೇಳಿದ್ರು’ ಎಂದರು ಮಾವ. ಹೇಳಿದವರೂ ಇಲ್ಲ, ಹೊಲಿದವರೂ ಇಲ್ಲ. ಮಾವ ಆ ಪಟ್ಟಿಯ ಮೇಲೆ ಹೆಬ್ಬೆರಳಾಡಿಸುತ್ತ ಇಂಚಿನ ಲೆಕ್ಕವನ್ನೇ ಮರೆತು ನಿಂತರು.

ನನ್ನ ದುಬಾರಿ ಪ್ಯಾಂಟಿನ ಒಳಮಗ್ಗುಲನ್ನು ಆಮೇಲೆ ನೋಡಿದೆ. ನೂಲಿನಷ್ಟೂ ಬಿಟ್ಟಿಲ್ಲ. ನಾನು ದಪ್ಪಗಾಗುತ್ತೇನೆ, ನನ್ನ ಮಗ ಉದ್ದವಾಗುತ್ತಾನೆ ಎಂಬ ಯಾವ ನಿರೀಕ್ಷೆಯೂ ಅದಕ್ಕಿಲ್ಲ. ಮುಂದಿನ ಸೀಸನ್ನಿಗೆ ಇನ್ನೊಂದು ಕೊಳ್ಳುತ್ತೇನೆ ಎಂಬ ನಂಬಿಕೆ ಮಾತ್ರ ಇದೆ. ಒಂದು ಹತ್ತಿ ಟೀ ಷರ್ಟಿಗೆ ಹತ್ತಿ ಬೆಳೆಯುವುದರಿಂದ ಹಿಡಿದು ಸುಮಾರು 2,700 ಲೀಟರ್ ನೀರು ಖರ್ಚಾಗುತ್ತದೆಂಬ ಅಂದಾಜಿದೆ. ಹೇಮಾವತಿಯ ನೀರು ಗುಬ್ಬಿಗೋ ಕುಣಿಗಲ್ಲಿಗೋ ಎಂದು ಬೀದಿಗಿಳಿಯುವ ಸೀಮೆಯವರು ನಾವು. ಬಟ್ಟೆ ತಿರುಗಿ ಬರುವುದೇ ಆದರೆ ಟ್ರಂಕಿನಿಂದ ಬರಲಿ, ಕಾರ್ಖಾನೆಯಿಂದ ಯಾಕೆ ಬರಬೇಕು? ಇಷ್ಟು ಬರೆದ ಮೇಲೆ ನೋಡಿದರೆ, ನಾನು ಪಕ್ಷಾಂತರ ಮಾಡಿದ ಹಾಗೆ ಕಾಣುತ್ತದೆ. ಮಾವನಿಗೆ ಯಾರೂ ಹೇಳಬೇಡಿ.

ಬೆಲ್‌ಬಾಟಂ ಕಾಲೇಜಿನಲ್ಲಿ ಗೆದ್ದಿತು. ಎಲ್ಲಿ ತಗೊಂಡೆ ಎಂದು ಗೆಳತಿಯರು ಕೇಳಿದ್ದಕ್ಕೆ ಹುಡುಗಿ ನಾಚಿಕೊಂಡು ‘ಆನ್‌ಲೈನು’ ಅಂದಳಂತೆ. ಸುದ್ದಿ ಸಿ.ಎಸ್. ಪುರ ಮುಟ್ಟಿತು. ಮಾವ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು: ‘ಆ ಪ್ರಾಡಾದೋನಿಗೂ ನಿಂಗೂ ಏನವ್ವ ವ್ಯತ್ಯಾಸ?’ ಮಾರನೆಯ ದಿನ ಅವಳು ತಾತನ ಪಿಯುಸಿ ಕಾಲದ ಫೋಟೊ, ಪಕ್ಕದಲ್ಲಿ ತನ್ನದು ಜೋಡಿಸಿ, ‘ನಮ್ಮ ತಾತಂದು’ ಎಂದು ಸ್ಟೇಟಸ್ ಹಾಕಿದಳು. ಆ ಸ್ಟೇಟಸ್ಸನ್ನು ಮಾವ ಊರಿನಲ್ಲಿ ತೋರಿಸದ ಮನೆಯಿಲ್ಲ. ತೋರಿಸುವಾಗ ಇಪ್ಪತ್ತಾರು ಇಂಚು ಈಗ ಇಪ್ಪತ್ತೆಂಟಾಗಿದೆ.

ಇತ್ತೀಚೆಗೆ ಹೋದಾಗ ಅವರ ಕಣ್ಣು ನನ್ನ ಮಗನ ಹಳೇ ಪೆನ್ಸಿಲ್ ಫಿಟ್ ಜೀನ್ಸಿನ ಮೇಲೆ ಬಿತ್ತು. ಈಗ ಯಾರೂ ಹಾಕುವುದಿಲ್ಲ, ತೋಟದ ಆಳುಗಳಿಗೆ ಕೊಡೋಣ ಎಂದು ತಂದಿದ್ದೆ. ‘ಆಳುಗಳ ಕಾಲು ಅದ್ರಲ್ಲಿ ತೂರ್ತದೇನ್ಲಾ? ಇತ್ಲಾಗೆ ಕೊಡು. ಈಗ ಅಗಲ ಬಂದೈತೆ, ಮುಂದ್ಕೆ ಬಿಗಿನೇ ಬರ್ಬೇಕು’ ಎಂದು ಟ್ರಂಕಿನ ಬೀಗ ತೆಗೆದರು. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು: ‘ಅಂಥದ್ದು ಇನ್ನೆರಡಿದ್ರೆ ಅದನ್ನೂ ತಂದು ಹಾಕಪ್ಪ. ಪಾತ್ರೆಯವಳು ಇಡ್ಲಿ ಕುಕ್ಕರು ಕೊಡ್ತೀನಿ ಅಂದವಳೆ.’