ಬೈರಮಂಗಲ ಸಂಖ್ಯಾಮೀಮಾಂಸೆ: 562109ರ ಗುಣಧರ್ಮಗಳು

ಹಾರ್ಡಿ ಏರಿ ಬಂದ ಟ್ಯಾಕ್ಸಿಯ 1729ರಲ್ಲಿ ರಾಮಾನುಜನ್ ಎರಡು ಘನಗಳ ಮೊತ್ತವನ್ನು ಎರಡು ಬಗೆಯಲ್ಲಿ ಕಂಡು ತೋರಿಸಿದ ಮೇಲೆ ನೀರಸ ಸಂಖ್ಯೆ ಎಂಬುದೇ ಇಲ್ಲವೆಂದು ವಿದ್ವಾಂಸರು ಒಪ್ಪಿದ್ದಾರೆ. ಆದರೂ ಬಿಡದಿ ಹೋಬಳಿಯ ಬೈರಮಂಗಲಕ್ಕೆ ಅಂಚೆ ಇಲಾಖೆ ದಯಪಾಲಿಸಿದ 562109ನ್ನು ಲಕೋಟೆಯ ಮೂಲೆಯಲ್ಲಿ ಗೀಚಿದ್ದಷ್ಟೇ ನಮ್ಮ ಗಣಿತಸೇವೆ. ಆ ಕೊರತೆಯನ್ನು ಈ ಪ್ರಬಂಧ ನೀಗಿಸಲಿದೆ.

ಲೌಕಿಕಾರ್ಥ ಸರಳ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡ್ ಪದ್ಧತಿಯಲ್ಲಿ 56 ಎಂದರೆ ಕರ್ನಾಟಕ, ಕೊನೆಯ ಮೂರಂಕಿ ಅಂಚೆ ಕಚೇರಿ. ಪೋಸ್ಟ್‌ಮ್ಯಾನ್‌ಗೆ ಇಷ್ಟು ಸಾಕು, ನಮಗೆ ಸಾಲದು.

ಈ ಸಂಖ್ಯೆ ಸುಲಭಕ್ಕೆ ಬಗ್ಗುವಂಥದ್ದಲ್ಲ. ಎರಡರಿಂದ ಹಿಡಿದು 677ರವರೆಗೆ ಯಾವ ಅವಿಭಾಜ್ಯಕ್ಕೂ ಮಣಿಯದೆ, ಕಡೆಗೆ 683ರ ಮುಂದೆ ಶರಣಾಗುತ್ತದೆ: 683 × 823, ಎರಡೂ ಅವಿಭಾಜ್ಯಗಳೇ. ತಾಳ್ಮೆಯಿಲ್ಲದವರು ಫರ್ಮಾನ ದಾರಿ ಹಿಡಿಯಬಹುದು. 750, 751, 752ರ ವರ್ಗಗಳು ಕೈಕೊಡುತ್ತವೆ. 753ರ ವರ್ಗದಿಂದ 562109 ಕಳೆದರೆ 4900, ಅಂದರೆ 70ರ ವರ್ಗ. ದೊಡ್ಡ ಚೌಕದ ಜಮೀನು, ಮೂಲೆಯಲ್ಲೊಂದು ಚಿಕ್ಕ ಚೌಕ ರಸ್ತೆಗೆ ಹೋಯಿತು, ಉಳಿದದ್ದೇ ಬೈರಮಂಗಲ.

ಇನ್ನೊಂದು ವಿಸ್ಮಯ: 3, 7, 13, 29, 71, ಯಾವುದರಿಂದ ಭಾಗಿಸಿದರೂ ಶೇಷ ಎರಡೇ. ಎಷ್ಟು ಜನಕ್ಕೆ ಹಿಸ್ಸೆ ಮಾಡಿದರೂ ಕೊನೆಗೆ ಇಬ್ಬರು ಉಳಿಯುತ್ತಾರೆಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತು: ಒಬ್ಬ ದಲ್ಲಾಳಿ, ಇನ್ನೊಬ್ಬ ಸ್ಟೇ ತಂದವನು. ಪಕ್ಕದ 562110 ದೇವನಹಳ್ಳಿಯದು. ಅದು 2, 3, 5, 10, 15, 30, ಯಾರು ಬಂದು ಕೇಳಿದರೂ ನಿಶ್ಶೇಷವಾಗಿ ಭಾಗವಾಗುತ್ತದೆ. ವಿಮಾನ ನಿಲ್ದಾಣ ಅತ್ತ ಹೋದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಹತ್ತರ ಸ್ಥಾನದ ಸೊನ್ನೆಯ ಬಗ್ಗೆ ಎರಡು ಪಂಥಗಳಿವೆ. ಅದು ಬರಿಯ ಸ್ಥಾನಸೂಚಕ ಎನ್ನುವುದು ಒಂದು. ಬೈರಮಂಗಲ ಕೆರೆಯಲ್ಲಿ ಕುಡಿಯಲು ಸಿಗುವ ನೀರಿನ ಪ್ರಮಾಣ ಎನ್ನುವುದು ಇನ್ನೊಂದು. ಬೆಂಗಳೂರಿನ ಕೊಳಚೆ ಹೊತ್ತು ಬರುವ ವೃಷಭಾವತಿ ಅಲ್ಲಿ ನೊರೆ ಎಬ್ಬಿಸುವುದನ್ನು ಕಂಡ ಪ್ರಸ್ತುತ ಲೇಖಕ ಎರಡನೆಯ ಪಂಥಕ್ಕೆ ಸೇರಿದವನು.

ಅಚಲತೆಯ ಪ್ರಮೇಯವನ್ನು ಸಾಧಿಸಲು ಹೆಚ್ಚು ಶ್ರಮವಿಲ್ಲ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬಿಡಿಸಿ ರಾಮನಗರ ಜಿಲ್ಲೆ ಮಾಡಿದರು. 2025ರಲ್ಲಿ ಅದನ್ನೇ ಬೆಂಗಳೂರು ದಕ್ಷಿಣ ಎಂದರು. ಬೋರ್ಡು ಬರೆಯುವವರಿಗೆ ಕೆಲಸವಾಯಿತು. 562109 ಮಾತ್ರ ಕದಲಲಿಲ್ಲ.

ಇನ್ನು ಅನ್ವಯ. ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯಿತಿಗಳ ಹೊಲಗಳ ಮೇಲೆ ಬಿಡದಿ ಉಪನಗರದ ನಕ್ಷೆ ಹರಡಿರುವಾಗ ಶುದ್ಧ ಗಣಿತದಲ್ಲೇ ಕೂತಿರುವುದು ಸಲ್ಲ. ನಮ್ಮ ಸಂಖ್ಯೆಯನ್ನು ಚದರ ಅಡಿಯೆಂದು ಭಾವಿಸಿ: 12 ಎಕರೆ 36 ಗುಂಟೆ, ಮೇಲೆ ಚೂರುಪಾರು. ಮೂವತ್ತು-ನಲವತ್ತರ ಸೈಟುಗಳಾಗಿ ಕತ್ತರಿಸಿದರೆ 468 ಸೈಟು, ಮಿಕ್ಕದ್ದು 509 ಚದರ ಅಡಿ. ರಸ್ತೆ, ಚರಂಡಿ, ಪಾರ್ಕು, ಗಣಪತಿ ಗುಡಿ, ಎಲ್ಲವೂ ಈ 509ರಲ್ಲೇ ಆಗಬೇಕು. ಬ್ರೋಷರಿನಲ್ಲಿ ಈಜುಕೊಳವೂ ಇದೆ.